ಹೇಸುವವರು ಯಾರು, ಅಂಜುವವರು ಯಾರು?
ಭಯಾನಕ ಕಲೆಯ ಬಗ್ಗೆ ಕೊಪ್ಪಳ ಸೀಮೆಯಿಂದ ಒಂದು ಟಿಪ್ಪಣಿ

1

ರಸಗಳ ಲೆಕ್ಕ ಒಪ್ಪಿಸುವಾಗ ಭರತನ ನಾಟ್ಯಶಾಸ್ತ್ರ ಎರಡು ಮಾತು ಹೇಳುತ್ತದೆ. ಒಂದು, ಭಯ ಎಂಬುದು ಹೆಂಗಸರ ಮತ್ತು ನೀಚ ಪ್ರಕೃತಿಯವರ ಭಾವ. ಎರಡು, ಭಯಾನಕ ರಸ ಹುಟ್ಟುವುದು ಬೀಭತ್ಸದಿಂದ. ಅಂದರೆ ಹೇಸಿಗೆ ತಾಯಿ, ಭಯ ಅದರ ಮಗಳು. ಶೃಂಗಾರಕ್ಕೆ ರತಿ, ವೀರಕ್ಕೆ ಉತ್ಸಾಹ, ಬೀಭತ್ಸಕ್ಕೆ ಜುಗುಪ್ಸೆ, ಭಯಾನಕಕ್ಕೆ ಭಯ ಅಂತ ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕ ತಗೊಂಡು ನಾವೆಲ್ಲ ಕಾಲೇಜಿನಿಂದ ಹೊರಗೆ ಬಂದಿದ್ದೇವೆ. ಈ ಪಟ್ಟಿಯ ಒಳಗೆ ಊರೂ ಕೇರಿಯೂ ಎದುರು ಬದುರು ಕೂತಿವೆ ಎಂಬುದು ಮಾತ್ರ ಪಾಠದಲ್ಲಿ ಬರಲಿಲ್ಲ.

ಈಗ ದೂರದ ಇನ್ನೊಂದು ಮಾತು. ಅಮೆರಿಕದ ತತ್ವಶಾಸ್ತ್ರಜ್ಞ ನೋಯೆಲ್ ಕ್ಯಾರೊಲ್ 1990ರಲ್ಲಿ ಭಯಾನಕ ಕಲೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಅವನ ವಾದ ಸರಳವಾದದ್ದು. ದೆವ್ವವೋ ರಾಕ್ಷಸವೋ ಅಪಾಯಕಾರಿಯಾಗಿದ್ದರಷ್ಟೇ ಸಾಲದು, ಅದು ಅಶುದ್ಧವೂ ಆಗಿರಬೇಕು. ಭಯ ಮತ್ತು ಹೇಸಿಗೆ ಎರಡೂ ಒಟ್ಟಿಗೆ ಕೂಡಿದಾಗಲೇ ನೋಡುಗನ ಮೈ ಜುಮ್ಮೆನ್ನುತ್ತದೆ. ಅಶುದ್ಧ ಅಂದರೇನು ಎಂಬ ಪ್ರಶ್ನೆಗೆ ಅವನು ಮೇರಿ ಡಗ್ಲಾಸಳ 1966ರ ಪುಸ್ತಕದ ಮೊರೆ ಹೋಗುತ್ತಾನೆ. ಆ ಮಾನವಶಾಸ್ತ್ರಜ್ಞೆಯ ಪ್ರಕಾರ, ತಾನಿರಬೇಕಾದ ಜಾಗ ಬಿಟ್ಟು ಬೇರೆ ಜಾಗಕ್ಕೆ ಬಂದದ್ದೇ ಕೊಳೆ. ಅಂಗಳದ ಮಣ್ಣು ಮಣ್ಣೇ. ಅದೇ ಮಣ್ಣು ಅಡಿಗೆಮನೆಗೆ ಬಂದರೆ ಹೊಲಸು.

ಈ ಮಾತು ಅವರಿಗೆ ಸಿದ್ಧಾಂತ, ನಮಗೆ ದಿನನಿತ್ಯದ ವ್ಯವಹಾರ. ಕೇರಿಯಲ್ಲಿದ್ದರೆ ಕೂಲಿಯಾಳು, ಗುಡಿಯ ಹೊಸ್ತಿಲು ದಾಟಿದರೆ ಮೈಲಿಗೆ. ಹೊಲದಲ್ಲಿ ನಾಟಿ ಮಾಡುವ ಕೈ ಕೈಯೇ. ಹೋಟೆಲ್ಲಿನ ಲೋಟ ಹಿಡಿದರೆ ಅದೇ ಕೈ ಹೇಸಿಗೆ. ಹಾಗಾದರೆ ಭಯಾನಕ ಕಲೆಯ ಬಗ್ಗೆ ದಲಿತ ವಿಮರ್ಶೆ ಕೇಳಬೇಕಾದ ಮೊದಲ ಪ್ರಶ್ನೆ ಇದು: ಹೇಸುವವರು ಯಾರು, ಅಂಜುವವರು ಯಾರು? ಕ್ಯಾರೊಲ್ ಹೇಳುವಂತೆ ಟಾಕೀಸಿನಲ್ಲಿ ಕೂತ ಪ್ರೇಕ್ಷಕನೊಬ್ಬನಲ್ಲೇ ಹೇಸಿಗೆ, ಭಯ ಎರಡೂ ಹುಟ್ಟುತ್ತವೆ. ಜಾತಿಯಲ್ಲಿ ಹಾಗಾಗುವುದಿಲ್ಲ. ಅಲ್ಲಿ ಈ ಎರಡೂ ಪಾಲಾಗಿ ಹೋಗಿವೆ. ಹೇಸಿಗೆ ಒಬ್ಬನ ಪಾಲು, ಭಯ ಇನ್ನೊಬ್ಬನ ಪಾಲು. ಮೇಲಿನವನು ಹೇಸಿದ ಕ್ಷಣದಲ್ಲೇ ಕೆಳಗಿನವನ ಎದೆ ನಡುಗುತ್ತದೆ. ಹೇಸಿಗೆಯಿಂದ ಭಯ ಹುಟ್ಟುತ್ತದೆಂದ ಭರತ, ಅವನಿಗೆ ಗೊತ್ತಿತ್ತೋ ಇಲ್ಲವೋ, ನಮ್ಮ ಹಳ್ಳಿಗಳ ಚರಿತ್ರೆಯನ್ನೇ ಹೇಳಿಬಿಟ್ಟಿದ್ದಾನೆ.

2

ಕನ್ನಡದ ಭಯಾನಕ ಸಿನಿಮಾಗಳನ್ನು ಈ ಕಣ್ಣಿನಿಂದ ನೋಡೋಣ. 1979ರ 'ನಾ ನಿನ್ನ ಬಿಡಲಾರೆ' ನಮ್ಮ ಭಾಗದ ಟಾಕೀಸುಗಳಲ್ಲಿ, ಆಮೇಲೆ ಟಿ.ವಿ.ಯಲ್ಲಿ, ಮಂದಿಯನ್ನು ನಡುಗಿಸಿದ ಚಿತ್ರ. ಅನಂತನಾಗ್ ಮಾಡಿದ ಗಂಡನ ಮೈಮೇಲೆ ಕಾಮಿನಿ ಎಂಬ ಹೆಣ್ಣಿನ ದೆವ್ವ ಬರುತ್ತದೆ. ಲಕ್ಷ್ಮಿ ಮಾಡಿದ ಹೆಂಡತಿ ಮಂತ್ರಾಲಯದ ಗುರುಗಳಿಗೆ ಮೊರೆಯಿಟ್ಟು ಗಂಡನನ್ನು ಉಳಿಸಿಕೊಳ್ಳುತ್ತಾಳೆ. ಆಸೆಪಟ್ಟ ಹೆಣ್ಣು ದೆವ್ವ, ಮಡಿಯ ಹೆಣ್ಣು ದೇವತೆ. ಮನೆ ಮೈಲಿಗೆಯಾಗಿತ್ತು, ಶುದ್ಧವಾಯಿತು, ಶುಭಂ.

2004ರ 'ಆಪ್ತಮಿತ್ರ' ಇದಕ್ಕಿಂತ ಜಾಣ ಸಿನಿಮಾ. ಮಲಯಾಳದ 'ಮಣಿಚಿತ್ರತ್ತಾಳ್' (1993) ಕತೆಯನ್ನು ಪಿ. ವಾಸು ಕನ್ನಡಕ್ಕೆ ತಂದರು. ಬೀಗ ಹಾಕಿದ ಕೋಣೆ, ಅದರೊಳಗೆ ನಾಗವಲ್ಲಿ ಎಂಬ ತೆಲುಗು ನರ್ತಕಿಯ ನೆನಪು. ಅರಸನೊಬ್ಬ ಅವಳ ಪ್ರಿಯಕರನನ್ನು ಕೊಂದ, ಅವಳನ್ನೂ ಕೊಂದ. ನ್ಯಾಯವಾಗಿ ನೋಡಿದರೆ ಇಲ್ಲಿ ಹೆದರಿಕೆ ಹುಟ್ಟಿಸಬೇಕಾದವನು ಅರಸ. ಆದರೆ ನಾವು ಕಿರುಚುವುದು ನಾಗವಲ್ಲಿಯನ್ನು ಕಂಡು. ಕೊನೆಗೆ ಅವಳ ಸೇಡಿಗೆ ಒಂದು ಬೊಂಬೆ ಕೊಡುತ್ತಾರೆ. ಅರಸನೇ ಸತ್ತನೆಂದು ಅವಳನ್ನು ನಂಬಿಸಿ ಕಳಿಸುತ್ತಾರೆ. ಬಂಗಲೆಯ ಸೊಸೆ ಗುಣವಾಗುತ್ತಾಳೆ. ಅನ್ಯಾಯಕ್ಕೊಳಗಾದ ಹೆಣ್ಣು ಇಲ್ಲಿ ಕಾಯಿಲೆ, ಅವಳ ನ್ಯಾಯದ ಹಟ ಕಾಯಿಲೆಯ ಲಕ್ಷಣ. ಹುಲಿಗೆಮ್ಮನ ಸನ್ನಿಧಿಯ ಈ ಜಿಲ್ಲೆಯಲ್ಲಿ, 1982ರ ದೇವದಾಸಿ ನಿಷೇಧ ಕಾಯಿದೆ ಬಂದ ಮೇಲೂ ಮುತ್ತು ಕಟ್ಟಿಸಿಕೊಂಡ ತಾಯಂದಿರ ಮಕ್ಕಳು ಈ ಸಿನಿಮಾ ನೋಡಿದ್ದಾರೆ. ಕುಣಿಯುವ ಹೆಣ್ಣು ಯಾಕೆ ಯಾವಾಗಲೂ ದೆವ್ವದ ಪಾತ್ರಕ್ಕೇ ಬರಬೇಕು ಅಂತ ಅವರು ಕೇಳಿದರೆ ನಮ್ಮ ವಿಮರ್ಶಕರ ಹತ್ತಿರ ಉತ್ತರ ಏನಿದೆ?

ಕಾದಂಬರಿಯ ಕಡೆ ಬಂದರೆ, ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ಕನ್ನಡದ ಓದುಗರನ್ನು ರಾತ್ರಿ ದೀಪ ಆರಿಸದಂತೆ ಮಾಡಿದ ಪುಸ್ತಕ. ಅಲ್ಲಿ ಪಟ್ಟಣದ ಸುಖವಂತ ಮನೆಯ ಮಗುವಿನ ಮೇಲೆ ಕ್ಷುದ್ರಶಕ್ತಿ ಎರಗುತ್ತದೆ. ಆ ಶಕ್ತಿ ಬರುವುದು ಕಾಡಿನಂಚಿನ ಹಟ್ಟಿಯ ಮಾಂತ್ರಿಕರಿಂದ. ಮತ್ತದೇ ದಿಕ್ಕು. ಮನೆ ಒಳಗಿನದು, ಭಯ ಹೊರಗಿನದು. ಮನೆ ಶುದ್ಧ, ಹಟ್ಟಿ ಅಶುದ್ಧ.

ಈ ಮೂರರಲ್ಲೂ ಒಂದೇ ಚೌಕಟ್ಟು ಕಾಣುತ್ತದೆ. ಒಂದು ಮನೆ, ಅದರೊಳಕ್ಕೆ ಬರಬಾರದ್ದೊಂದು ಬರುತ್ತದೆ, ಮನೆಯವರು ನರಳುತ್ತಾರೆ, ಬಲ್ಲವರು ಬಂದು ಅದನ್ನು ಹೊರಗೆ ಅಟ್ಟುತ್ತಾರೆ, ಶುದ್ಧಿಯಾಗುತ್ತದೆ. ನೋಡುಗನನ್ನು ಮೊದಲ ದೃಶ್ಯದಲ್ಲೇ ಮನೆಯ ಒಳಗೆ ಕೂರಿಸಿ ಬಾಗಿಲು ಹಾಕುತ್ತಾರೆ. ಹೊರಗೆ ನಿಂತವನ ಕಣ್ಣಿನಿಂದ ಈ ಮನೆ ಹೇಗೆ ಕಾಣುತ್ತದೆ ಅಂತ ಯಾರೂ ತೋರಿಸುವುದಿಲ್ಲ.

1990ರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದದ್ದು ನೆನಪಿರಬಹುದು. ರಾತ್ರಿ ದೆವ್ವ ಬಂದು ಬಾಗಿಲು ಬಡಿಯುತ್ತದೆ, ಬರೆದದ್ದನ್ನು ಓದಿ ವಾಪಸ್ಸು ಹೋಗುತ್ತದೆ, ಮರುದಿನ ಮತ್ತೆ ಬಂದು ಮತ್ತೆ ಓದುತ್ತದೆ ಎಂಬ ಸುದ್ದಿ. 2018ರ ಹಿಂದಿ ಸಿನಿಮಾ 'ಸ್ತ್ರೀ'ಯಲ್ಲೂ ಇಂಥದೇ ಬರಹ ಗೋಡೆಯ ಮೇಲೆ ಕಾಣುತ್ತದೆ. ಆ ದೆವ್ವದ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜಮೀನಿನ ಕಾಗದ ಕೇಳಲು ಕಚೇರಿಗೆ ಹೋದರೆ ನಾಳೆ ಬಾ. ಸ್ಮಶಾನಕ್ಕೆ ಜಾಗ ಕೇಳಿದರೆ ನಾಳೆ ಬಾ. ಓದಲು ಬರುವ, ಹೇಳಿದ್ದನ್ನು ನಂಬುವ, ಹೊಸ್ತಿಲ ಆಚೆಯೇ ನಿಂತು ದಿನಾ ತಿರುಗಿ ಹೋಗುವ ಆ ಬಡ ದೆವ್ವ ಯಾವ ಕೇರಿಯದು ಅಂತ ಕೇಳಬೇಕೆನಿಸುತ್ತದೆ.

3

ಈಗ ನಮ್ಮ ಏಳು ತಾಲೂಕುಗಳಿಗೆ ಬರೋಣ. ಇಲ್ಲಿ ಹೇಳುವುದು ಕತೆಯಲ್ಲ, ಪತ್ರಿಕೆಗಳಲ್ಲಿ ಬಂದದ್ದು, ಕೋರ್ಟಿನ ಕಟಕಟೆ ಏರಿದ್ದು.

ಕುಷ್ಟಗಿ ತಾಲೂಕಿನ ಮಿಯಾಪುರ. 2021ರ ಸೆಪ್ಟೆಂಬರ್. ಚೆನ್ನದಾಸರ ಸಮುದಾಯದ ಎರಡು ವರ್ಷದ ಕೂಸು. ಅವತ್ತು ಅದರ ಹುಟ್ಟಿದ ದಿನ. ಅಪ್ಪ ಅವ್ವ ಎಂದಿನಂತೆ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದಾಗ ಕೂಸು ಒಳಗೆ ಓಡಿತು. ಗುಡಿ ಮೈಲಿಗೆಯಾಯಿತು, ಶುದ್ಧಿ ಮಾಡಿಸಬೇಕು, 25,000 ರೂಪಾಯಿ ದಂಡ ಕಟ್ಟಿ ಅಂತ ತೀರ್ಮಾನವಾಯಿತು. ಸುದ್ದಿ ಹೊರಗೆ ಬಂದ ಮೇಲೆ ಪೊಲೀಸರು ಬಂದರು, ಅಧಿಕಾರಿಗಳು ಬಂದರು, ಬಂಧನಗಳಾದವು.

ಮೇಲೆ ಹೇಳಿದ ಸಿನಿಮಾ ಚೌಕಟ್ಟಿಗೆ ಇದನ್ನು ಹೊಂದಿಸಿ ನೋಡ್ರಿ. ಒಂದು ಮನೆ, ದೇವರ ಮನೆ. ಬರಬಾರದ್ದೊಂದು ಒಳಗೆ ಬಂತು. ಮನೆಯವರು ಕಂಗಾಲಾದರು. ಬಲ್ಲವರು ಸೇರಿ ಶುದ್ಧಿಯ ಉಪಾಯ ಹೇಳಿದರು. ಹೆಜ್ಜೆ ಹೆಜ್ಜೆಗೂ ಅದೇ ಕತೆ. ಒಂದೇ ವ್ಯತ್ಯಾಸ: ಇಲ್ಲಿ ದೆವ್ವದ ಪಾತ್ರದಲ್ಲಿದ್ದದ್ದು ಎರಡು ವರ್ಷದ ಕೂಸು. ಸಿನಿಮಾದಲ್ಲಿ ಯಾವುದನ್ನು ಸುಖಾಂತ್ಯ ಅಂತ ಚಪ್ಪಾಳೆ ಹೊಡೆಯುತ್ತೇವೋ ಆ ಶುದ್ಧಿಯೇ ಮಿಯಾಪುರದ ಅಪರಾಧ. ದೆವ್ವ ಬಿಡಿಸುವ ದೃಶ್ಯಕ್ಕೆ ನಾವು ಎಷ್ಟು ಒಗ್ಗಿಹೋಗಿದ್ದೇವೆ ಎಂದರೆ, ಅಟ್ಟಿಸಿಕೊಂಡು ಹೋಗುತ್ತಿರುವುದು ಏನು, ಅದು ಎಲ್ಲಿಗೆ ಹೋಗಬೇಕು ಅಂತ ಕೇಳುವ ಅಭ್ಯಾಸವೇ ತಪ್ಪಿಹೋಗಿದೆ.

ಯಲಬುರ್ಗಾ ತಾಲೂಕಿನ ಸಂಗನಾಳ. 2024ರ ಆಗಸ್ಟ್. ಕ್ಷೌರಕ್ಕೆ ಹೋದ ದಲಿತ ಯುವಕನಿಗೆ ಕ್ಷೌರ ಮಾಡಲು ಒಪ್ಪಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕತ್ತರಿಯಿಂದ ಇರಿತವಾಗಿ ಯುವಕ ಸತ್ತ. ಕ್ಷೌರಿಕನನ್ನು ಪೊಲೀಸರು ಬಂಧಿಸಿದರು. ಭಯಾನಕ ಸಿನಿಮಾಗಳನ್ನು ಹೊಗಳುವವರು ಒಂದು ಮಾತು ಹೇಳುವುದುಂಟು: ಮನೆಬಳಕೆಯ ಸಾಮಾನೇ ಆಯುಧವಾಗುವುದು ಈ ಪ್ರಕಾರದ ಜಾಣ್ಮೆ ಅಂತ. ಸಂಗನಾಳದಲ್ಲಿ ಅದು ಯಾರ ಜಾಣ್ಮೆಯೂ ಆಗಿರಲಿಲ್ಲ. ಇಲ್ಲಿ ಇನ್ನೊಂದನ್ನೂ ಗಮನಿಸಬೇಕು. ಕ್ಷೌರಿಕ ಬಂಗಲೆಯ ಒಡೆಯನಲ್ಲ. ಅವನೂ ಮೆಟ್ಟಿಲಿನ ಕೆಳಗಡೆ ಇರುವವನೇ, ಮೇಲಿನವರಿಂದ ಹೇಸಿಕೆಗೆ ಒಳಗಾದವನೇ. ಅಂಬೇಡ್ಕರರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ಮೇಲಿನಿಂದ ಬಂದ ಹೇಸಿಗೆಯನ್ನು ಪ್ರತಿ ಮೆಟ್ಟಿಲಿನವನೂ ಕೆಳಗಿನ ಮೆಟ್ಟಿಲಿಗೆ ದಾಟಿಸುತ್ತಾನೆ.

ಗಂಗಾವತಿ ತಾಲೂಕಿನ ಮರಕುಂಬಿ. ಇದರ ಬೇರು ಒಂದು ಟಾಕೀಸಿನಲ್ಲಿದೆ ಎಂಬುದನ್ನು ಸಿನಿಮಾ ವಿಮರ್ಶೆ ಬರೆಯುವವರು ಮರೆಯಬಾರದು. 2014ರ ಆಗಸ್ಟ್ 28. ಅದಕ್ಕೂ ಮುಂಚೆಯೇ ಊರಲ್ಲಿ ದಲಿತರಿಗೆ ಕ್ಷೌರದಂಗಡಿ ಇಲ್ಲ, ಹೋಟೆಲ್ಲಿಗೆ ಪ್ರವೇಶ ಇಲ್ಲ ಎಂಬ ತಕರಾರು ಬೇಯುತ್ತಿತ್ತು. ಗಂಗಾವತಿಯಲ್ಲಿ ಸಿನಿಮಾ ಟಿಕೆಟ್ಟಿನ ವಿಷಯಕ್ಕೆ ಎದ್ದ ಜಗಳ ನೆಪವಾಯಿತು. ಗುಂಪು ಕೇರಿಗೆ ನುಗ್ಗಿತು, ಹೊಡೆಯಿತು, ಗುಡಿಸಿಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಕಳೆದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟಿತು. 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಆ ಮೂವರು ಪರಿಶಿಷ್ಟರೇ ಆಗಿದ್ದರು. ಮೆಟ್ಟಿಲಿನ ಮಾತು ಇಲ್ಲೂ ಬಂತು. ಮುಂದಿನ ತಿಂಗಳೇ ಹೈಕೋರ್ಟಿನ ಧಾರವಾಡ ಪೀಠ ಬಹುಪಾಲು ಮಂದಿಗೆ ಜಾಮೀನು ನೀಡಿತು.

ಗುಡಿ, ಕ್ಷೌರದಂಗಡಿ, ಹೋಟೆಲ್ಲು, ಟಾಕೀಸು. ನಮ್ಮ ಸೀಮೆಯ ಭಯದ ನಕ್ಷೆ ಬರೆಯುವುದಾದರೆ ಗುರುತು ಹಾಕಬೇಕಾದ ಜಾಗಗಳು ಇವು. ಪಾಳುಬಾವಿಯಲ್ಲ, ಹುಣಸೆಮರವಲ್ಲ. ಇವೆಲ್ಲ ದೀಪ ಹತ್ತಿದ, ಮಂದಿ ತುಂಬಿದ ಜಾಗಗಳು.

4

ಭಯಾನಕ ಕಲೆ ಕತ್ತಲನ್ನು ನಂಬಿದೆ. ಇರುಳಾದರೆ ಭಯ, ಬೆಳಗಾದರೆ ಬಿಡುಗಡೆ. ಕೋಳಿ ಕೂಗಿದರೆ ದೆವ್ವ ಹೋಯಿತು. ದಲಿತರ ಬರಹ, ದಲಿತರ ಬಗೆಗಿನ ಒಳ್ಳೆಯ ಬರಹ, ಈ ನಂಬಿಕೆಯನ್ನು ತಲೆಕೆಳಗು ಮಾಡುತ್ತದೆ.

ಅಂಬೇಡ್ಕರರ 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಪುಸ್ತಕವನ್ನು ಭಯಾನಕ ಸಾಹಿತ್ಯದ ಸಾಲಿನಲ್ಲಿ ಯಾರೂ ಇಟ್ಟಿಲ್ಲ. ಇಡಬೇಕು. ವಿದೇಶದಲ್ಲಿ ಓದಿ ಬಂದ ಅವರು ಬರೋಡ ಸಂಸ್ಥಾನದ ನೌಕರಿಗೆ ಹೋಗುತ್ತಾರೆ. ಊರಲ್ಲಿ ಯಾರೂ ಮನೆ ಕೊಡುವುದಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿ ಧರ್ಮಶಾಲೆಯೊಂದರಲ್ಲಿ ತಂಗುತ್ತಾರೆ. ಮಹಡಿಯ ಮೇಲೆ ಬೇರೆ ಯಾರೂ ಇಲ್ಲ. ಪಕ್ಕದ ದೊಡ್ಡ ಹಜಾರದಲ್ಲಿ ಹಳೆ ಸಾಮಾನು ರಾಶಿ. ವಿದ್ಯುತ್ ದೀಪ ಇಲ್ಲ, ಒಂದು ಸಣ್ಣ ಲಾಟೀನು. ಬಾವಲಿಗಳು ಹಾರುತ್ತವೆ, ಮೈ ನಡುಗುತ್ತದೆ. ಇಂಗ್ಲಿಷಿನ ಯಾವ ಭೂತಬಂಗಲೆ ಕಾದಂಬರಿಯಲ್ಲಾದರೂ ಇಷ್ಟೂ ಸಾಮಗ್ರಿ ಸಿಗುತ್ತದೆ. ಆದರೆ ಬಾವಲಿಗಳು ಅಂಬೇಡ್ಕರರಿಗೆ ಏನೂ ಮಾಡಲಿಲ್ಲ. ಹನ್ನೊಂದನೆಯ ದಿನ ಬೆಳಿಗ್ಗೆ, ಅವರು ಕಚೇರಿಗೆ ಹೊರಟಾಗ, ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ. ಕೈಯಲ್ಲಿ ಕೋಲು ಹಿಡಿದ ಹನ್ನೆರಡು ಮಂದಿ. ಧರ್ಮಶಾಲೆಯನ್ನು ಮೈಲಿಗೆ ಮಾಡಿದ್ದಕ್ಕೆ ಲೆಕ್ಕ ಕೇಳಲು ಬಂದವರು. ಇರುಳು ದಾಟಿಸಿದ ಮನೆಯೇ ಹಗಲಲ್ಲಿ ಎದ್ದು ನಿಲ್ಲುತ್ತದೆ. ಹೇಸಿಗೆ ಹನ್ನೆರಡು ಮಂದಿಯದು, ಭಯ ಒಬ್ಬರದು.

ಶಿವರಾಮ ಕಾರಂತರ 'ಚೋಮನ ದುಡಿ' (1933) ಬಗ್ಗೆ ನಮಗೆ ತಕರಾರುಗಳಿವೆ. ಹೊರಗಿನವರ ಕನಿಕರ ಅದರಲ್ಲಿದೆ ಎಂಬ ಮಾತು ಹಳೆಯದು. ಆದರೂ ಚೋಮನ ಮಗ ನೀರಲ್ಲಿ ಮುಳುಗುವ ಪ್ರಸಂಗ, ಬಿ.ವಿ. ಕಾರಂತರ 1975ರ ಸಿನಿಮಾದಲ್ಲೂ, ನಮ್ಮಲ್ಲಿ ಬಂದ ಯಾವ ದೆವ್ವದ ದೃಶ್ಯಕ್ಕಿಂತ ಭೀಕರ. ಹಾಡುಹಗಲು. ದಡದಲ್ಲಿ ಈಜು ಬಲ್ಲ ಮಂದಿ. ಇಳಿಯಹೋದವನನ್ನು ಉಳಿದವರು ತಡೆಯುತ್ತಾರೆ, ಯಾಕಂದ್ರೆ ಹುಡುಗ ಮುಟ್ಟಬಾರದವನು. ಇನ್ನೊಂದು ಕಡೆ ಚೋಮ ಕಿರಿಸ್ತಾನನಾಗಲು ಹೊರಟಾಗ ಅವನನ್ನು ಹಿಂದಕ್ಕೆ ತಿರುಗಿಸುವುದು ಪಂಜುರ್ಲಿ ಭೂತದ ನೆನಪು. ಎರಡನ್ನೂ ಕೂಡಿಸಿ ಓದಿದರೆ ಕಾದಂಬರಿ ಒಂದು ಕಟು ಸತ್ಯ ಹೇಳುತ್ತದೆ: ನೀರಿನಿಂದ ಎತ್ತಲು ಮನುಷ್ಯರ ಕೈ ಬರಲಿಲ್ಲ, ಕೇರಿ ದಾಟದಂತೆ ತಡೆಯಲು ಭೂತ ಮಾತ್ರ ತಪ್ಪದೆ ಬಂತು.

ಅಮೆರಿಕದ ಜಾರ್ಜ್ ರೊಮೆರೊ 1968ರಲ್ಲಿ ಮಾಡಿದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಸಿನಿಮಾ ಸಹ ಈ ಹಗಲಿನ ಗುಟ್ಟು ಬಲ್ಲದು. ರಾತ್ರಿಯಿಡೀ ಎದ್ದು ಬರುವ ಹೆಣಗಳ ವಿರುದ್ಧ ಹೋರಾಡಿ ಬದುಕುಳಿಯುವವನು ಒಬ್ಬ ಕರಿಯ, ಡುವೇನ್ ಜೋನ್ಸ್ ಮಾಡಿದ ಪಾತ್ರ. ಬೆಳಗಾಗುತ್ತದೆ. ರಕ್ಷಣೆಗೆ ಬಂದ ಬಂದೂಕಿನ ಬಿಳಿಯರ ಗುಂಪು ಕಿಟಕಿಯಲ್ಲಿ ಕಂಡ ಅವನನ್ನು ಗುಂಡಿಟ್ಟು ಕೊಲ್ಲುತ್ತದೆ. ಕೊನೆಯ ದೃಶ್ಯ ಚಲಿಸುವುದಿಲ್ಲ. ಕೊಕ್ಕೆಯಿಂದ ಹೆಣ ಎಳೆಯುವ ಮಬ್ಬು ಫೋಟೊಗಳು ಮಾತ್ರ. ನೋಡುಗರಿಗೆ ಅವು ಅಮೆರಿಕದ ದಕ್ಷಿಣ ಸೀಮೆಯಲ್ಲಿ ಕರಿಯರನ್ನು ಮರಕ್ಕೆ ನೇತುಹಾಕಿ, ಕೊಂದವರೇ ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೊಗಳನ್ನು ನೆನಪಿಗೆ ತರುತ್ತವೆ.

5

ಈ ಎದ್ದು ಬರುವ ಹೆಣ, ಜೊಂಬಿ, ಇವತ್ತು ಹುಡುಗರ ಮೊಬೈಲಿನಲ್ಲಿದೆ. ಗೇಮು ತಾನೆ, ಅದರಲ್ಲೇನಿದೆ ಎನ್ನುವವರು ಜೊಂಬಿಯ ವಂಶಾವಳಿ ನೋಡಬೇಕು. ಅದು ಹುಟ್ಟಿದ್ದು ಹೈಟಿ ದ್ವೀಪದಲ್ಲಿ, ಕಬ್ಬಿನ ತೋಟದ ಗುಲಾಮರ ನಡುವೆ. ಸತ್ತ ಮೇಲೂ ಒಡೆಯನಿಗೆ ದುಡಿಯಬೇಕಾದ ದೇಹ ಎಂಬ ಭಯ ಅದು. 1932ರ 'ವೈಟ್ ಜೊಂಬಿ' ಸಿನಿಮಾದಲ್ಲಿ ಜೊಂಬಿಗಳು ಕಚ್ಚುವುದಿಲ್ಲ, ಸಕ್ಕರೆ ಗಿರಣಿ ತಿರುಗಿಸುತ್ತವೆ. ಅಂದರೆ ಸತ್ತರೂ ತೀರದ ಜೀತ. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ದುಡಿದ ನಾಡಿಗೆ, ಜೀತ ನಿಲ್ಲಿಸಲು 1976ರಲ್ಲಿ ಕಾನೂನು ಮಾಡಬೇಕಾಗಿ ಬಂದ ನಾಡಿಗೆ, ಇದು ಪರದೇಶದ ಕತೆಯಾಗಬಾರದು. ಆದರೆ ಗೇಮಿಗೆ ಬರುವಷ್ಟರಲ್ಲಿ ಗುಲಾಮನ ಭಯ ಒಡೆಯನ ಭಯವಾಗಿ ಬದಲಾಗಿದೆ. ಈಗ ಜೊಂಬಿ ಎಂದರೆ ಗುಂಪಾಗಿ ಮೈಮೇಲೆ ಬೀಳುವ ಹೊಲಸು ಮಂದಿ, ಆಡುವವನ ಕೈಯಲ್ಲಿ ಬಂದೂಕು. 2009ರಲ್ಲಿ ಬಂದ 'ರೆಸಿಡೆಂಟ್ ಈವಿಲ್ 5' ಎಂಬ ಗೇಮಿನಲ್ಲಿ ಬಿಳಿಯ ನಾಯಕ ಆಫ್ರಿಕದ ಊರಿಗೆ ಹೋಗಿ ಆ ಊರ ಜನರನ್ನೇ ಹೀಗೆ ಕೊಲ್ಲುತ್ತಾ ಹೋಗುತ್ತಾನೆ. ಅದಕ್ಕೆ ಪ್ರತಿಭಟನೆಯ ದನಿಗಳೂ ಎದ್ದವು.

ಜೊಂಬಿ ಆಟದ ನಿಯಮ ಒಂದೇ: ಅದು ನಿನ್ನನ್ನು ಮುಟ್ಟಬಾರದು, ಮುಟ್ಟಿದರೆ ನೀನೂ ಅದೇ ಆಗುತ್ತೀ. ಓಣಿಯ ಮಕ್ಕಳು ಆಡುವ ಮುಟ್ಟಾಟದ ನಿಯಮವೂ ಇದೇ. ಆದರೆ ಮುಟ್ಟಾಟದಲ್ಲಿ ಒಂದು ನ್ಯಾಯವಿದೆ. ಮುಟ್ಟಿಸಿಕೊಂಡವನು ಇನ್ನೊಬ್ಬನನ್ನು ಮುಟ್ಟಿ ಬಿಡುಗಡೆ ಪಡೆಯಬಹುದು. ಕಳ್ಳನ ಪಾತ್ರ ಎಲ್ಲರಿಗೂ ಬರುತ್ತದೆ, ಎಲ್ಲರಿಂದಲೂ ಹೋಗುತ್ತದೆ. ದೊಡ್ಡವರು ಆಡುವ ಮುಟ್ಟಾಟದಲ್ಲಿ ಪಾತ್ರ ಬದಲಾಗುವುದೇ ಇಲ್ಲ.

2010ರಲ್ಲಿ ಬಂದ 'ಆಮ್ನೀಶಿಯ' ಎಂಬ ಇನ್ನೊಂದು ಗೇಮು ಬೇರೆ ತರಹದ್ದು. ಅದರಲ್ಲಿ ಆಡುವವನಿಗೆ ಆಯುಧವೇ ಇಲ್ಲ. ಓಡಬೇಕು, ಕಪಾಟಿನಲ್ಲಿ ಅಡಗಬೇಕು. ರಾಕ್ಷಸನ ಕಡೆ ನೆಟ್ಟು ನೋಡಿದರೆ ಬುದ್ಧಿ ಕೆಡುತ್ತದೆ, ಆದ್ದರಿಂದ ಕಣ್ಣು ತಗ್ಗಿಸಬೇಕು. ಇದನ್ನು ಹೊಸ ತಂತ್ರ ಅಂತ ಹೊಗಳಿದರು. ಕಣ್ಣೆತ್ತಿ ನೋಡಬಾರದು, ಎದುರು ಬಂದರೆ ಸರಿದು ನಿಲ್ಲಬೇಕು, ದನಿ ಏರಿಸಬಾರದು: ಈ ನಿಯಮಗಳನ್ನು ನಮ್ಮ ಹಿರಿಯರು ಯಾವ ಗೇಮಿನಿಂದಲೂ ಕಲಿಯಲಿಲ್ಲ. ಆದರೂ ಈ ಆಟದ ಬಗ್ಗೆ ನನಗೆ ಒಂದು ಆಸೆ ಇದೆ. ಬೆಂಗಳೂರಿನ ಬಂಗಲೆಯ ಹುಡುಗನೊಬ್ಬ ಅರ್ಧ ತಾಸಾದರೂ ಆಯುಧವಿಲ್ಲದೆ, ತಲೆ ತಗ್ಗಿಸಿ, ಬೇರೆಯವರ ಮನೆಯಲ್ಲಿ ಉಸಿರು ಬಿಗಿಹಿಡಿದು ನಡೆದರೆ ಅವನ ಮೈಗೆ ಏನೋ ತಿಳಿದೀತು. ತಿಳಿಯದೆಯೂ ಇರಬಹುದು. ಅವನಿಗೆ ಗೇಮು ಆರಿಸುವ ಗುಂಡಿ ಇದೆ.

6

ಫೋಟೊಗಳ ಮಾತು ಇನ್ನೂ ಕಷ್ಟದ್ದು, ಯಾಕಂದ್ರೆ ಇಲ್ಲಿ ನಾವೂ ಪಾಲುದಾರರು. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೇ ಸುಟ್ಟಾಗ, 2006ರಲ್ಲಿ ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಒಂದು ಸಂಸಾರವನ್ನೇ ಮುಗಿಸಿದಾಗ, ಹೆಣಗಳ ಚಿತ್ರಗಳು ಕೈಯಿಂದ ಕೈಗೆ ಹೋದವು. ಚಳವಳಿಗೆ ಅವು ಬೇಕಿತ್ತು. ನಡೆದೇ ಇಲ್ಲ ಎನ್ನುವವರ ಮುಂದೆ ಹಿಡಿಯಲು ಸಾಕ್ಷಿ ಬೇಕಿತ್ತು. ಆದರೆ ಕಂಬಾಲಪಲ್ಲಿಯ ಪ್ರಕರಣದಲ್ಲಿ 2006ರಲ್ಲಿ ಕೆಳಗಿನ ಕೋರ್ಟು ಎಲ್ಲರನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಫೋಟೊ ಕಣ್ಣಿಗೆ ಸಾಕ್ಷಿಯಾಯಿತು, ಕಾನೂನಿಗೆ ಆಗಲಿಲ್ಲ. ಉಳಿದದ್ದೇನು? ನೋಡಿದವನ ಹೊಟ್ಟೆ ತೊಳಸುವಿಕೆ. ಅಂದರೆ ಮತ್ತೆ ಹೇಸಿಗೆ. ಸತ್ತವರ ಮೈ ಸತ್ತ ಮೇಲೂ ಹೇಸಿಗೆ ಹುಟ್ಟಿಸುವ ಕೆಲಸಕ್ಕೇ ಬಂತು.

ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಬ್ಬಿಣ ಯುಗದ ಗೋರಿಗಳಿವೆ. ಬಂಡೆಗಳನ್ನು ನಿಲ್ಲಿಸಿ ಕಟ್ಟಿದ ಕೋಣೆಗಳು, ಮೇಲೆ ಕಲ್ಲಿನ ಹೊದಿಕೆ, ಗೋಡೆಯಲ್ಲಿ ದುಂಡನೆಯ ಕಿಂಡಿ. ಜನ ಅವನ್ನು ಮೋರ್ಯರ ಮನೆ ಅನ್ನುತ್ತಾರೆ. ಸತ್ತವರ ಆ ಮನೆಗಳ ಫೋಟೊ ಎಷ್ಟು ಚೆಂದ! ಸಂಜೆಯ ಬಿಸಿಲು, ಉದ್ದನೆಯ ನೆರಳು. ಯಾವ ಹೆಸರೂ ಗೊತ್ತಿಲ್ಲದ ಸತ್ತವರಿಗೆ ಇಂಥ ಗೌರವದ ಚಿತ್ರ. ಅದೇ ತಾಲೂಕಿನ ಮರಕುಂಬಿಯಲ್ಲಿ ಬದುಕಿದ್ದವರ ಮನೆ ಸುಟ್ಟಾಗ ಬೇಕಾದದ್ದು ಬೇರೆಯೇ ತರಹದ ಚಿತ್ರ. ಬೂದಿ ಮತ್ತು ಅತ್ತ ಮುಖ. ಆ ಮುಖ ಮರುದಿನ ಹೋಟೆಲ್ಲಿನ ಒಳಗೆ ಕೂತು ಚಾ ಕುಡಿಯುವ ಚಿತ್ರ ಯಾರಿಗೆ ಬೇಕು? ನನ್ನ ಪ್ರಕಾರ ಅದು ಬೇಕಾದವರಲ್ಲಿ ನಾವು ಮೊದಲಿಗರಾಗಬೇಕು. ಸಾಕ್ಷಿಯ ಫೋಟೊ ಕೋರ್ಟಿಗೆ ಹೋಗಲಿ, ಜೋಪಾನವಾಗಿರಲಿ. ಆದರೆ ಅದೇ ನಮ್ಮ ಗುರುತಿನ ಚೀಟಿಯಾಗಬಾರದು.

7

ಇದರಿಂದ ನಮ್ಮ ಬರಹಗಾರರ ಮುಂದೆ ಒಂದು ಅಪಾಯ ಕಾಣುತ್ತದೆ. ಇವತ್ತು ಭಯಾನಕಕ್ಕೆ ದೊಡ್ಡ ಮಾರುಕಟ್ಟೆ ಇದೆ. ದಲಿತ ಬದುಕಿನ ಭೀಕರತೆಗೂ ಸಣ್ಣದೊಂದು ಮಾರುಕಟ್ಟೆ ಇದೆ. ಎಷ್ಟು ರಕ್ತ, ಎಷ್ಟು ಹಸಿವು, ಎಷ್ಟು ಅವಮಾನ ಅಂತ ಅಳೆದು, ಅದನ್ನೇ ಅಧಿಕೃತ ದಲಿತ ಸಾಹಿತ್ಯ ಎಂದು ಬೆನ್ನು ತಟ್ಟುವವರು ಇದ್ದಾರೆ. ಓದಿ ಮೈ ಜುಮ್ಮೆನಿಸಿಕೊಂಡು, ಪುಸ್ತಕ ಮುಚ್ಚಿ, ಕೈತೊಳೆದು ಊಟಕ್ಕೆ ಕೂರುವ ಓದುಗನಿಗೆ ಅದೂ ಒಂದು ಶುದ್ಧಿಯೇ.

ನಮ್ಮ ದೊಡ್ಡ ಬರಹಗಾರರು ಈ ಬಲೆಗೆ ಬೀಳಲಿಲ್ಲ. ಸಿದ್ದಲಿಂಗಯ್ಯನವರ ಆತ್ಮಕತೆ 'ಊರು ಕೇರಿ'ಯಲ್ಲಿ ಸ್ಮಶಾನ ಬರುತ್ತದೆ. ಬೆಂಗಳೂರಿನ ಶ್ರೀರಾಮಪುರದ ಹುಡುಗನಿಗೆ ಅದು ಓದುವ ಕೋಣೆ. ಮನೆಯಲ್ಲಿ ಜಾಗವಿಲ್ಲ, ಗೋರಿಗಳ ನಡುವೆ ಜಾಗವಿದೆ, ಸದ್ದಿಲ್ಲ, ಯಾರೂ ಜಾತಿ ಕೇಳುವುದಿಲ್ಲ. ಸಿನಿಮಾದಲ್ಲಿ ನಾಯಿ ಊಳಿಡುವ ಜಾಗವನ್ನು ಅವರು ನಗುನಗುತ್ತಾ ಗ್ರಂಥಾಲಯ ಮಾಡಿಬಿಟ್ಟರು. ದೇವನೂರ ಮಹಾದೇವರ 'ಕುಸುಮಬಾಲೆ'ಯಲ್ಲಿ ದಲಿತ ಯುವಕನ ಕೊಲೆ ಇದೆ. ಆದರೆ ಅದನ್ನು ರಕ್ತದ ದೃಶ್ಯವಾಗಿ ಕಟ್ಟುವುದಿಲ್ಲ. ರಾತ್ರಿ ದೀಪದ ಜೋತಮ್ಮಗಳು ಒಂದೆಡೆ ಸೇರಿ ತಂತಮ್ಮ ಮನೆಯ ಸುಖದುಃಖ ಮಾತಾಡಿಕೊಳ್ಳುತ್ತವೆ. ಅವು ಹೆದರಿಸುವ ಶಕ್ತಿಗಳಲ್ಲ, ನೆರೆಮನೆಯ ಹೆಂಗಸರ ಹಾಗೆ. ಎಲ್ಲವನ್ನೂ ಕಂಡಿವೆ, ಮರೆಯುವುದಿಲ್ಲ. ಟೋನಿ ಮಾರಿಸನ್ನಳ 'ಬಿಲವೆಡ್' (1987) ಕಾದಂಬರಿಯಲ್ಲಿ ಗುಲಾಮಗಿರಿ ತಪ್ಪಿಸಿಕೊಂಡು ಬಂದ ತಾಯಿಯ ಮನೆಯೊಳಗೆ ಅವಳ ಸತ್ತ ಮಗಳೇ ಸೇರಿಕೊಳ್ಳುವುದೂ ಹೀಗೇ. ಆ ದೆವ್ವವನ್ನು ಶತ್ರು ಅನ್ನಲಾಗುವುದಿಲ್ಲ. ಅದು ಬಾಕಿ ಉಳಿದ ಲೆಕ್ಕ.

ಸಿನಿಮಾದಲ್ಲೂ ದಿಕ್ಕು ಸ್ವಲ್ಪ ಬದಲಾಗುತ್ತಿದೆ. 2024ರ ಮಲಯಾಳ ಚಿತ್ರ 'ಭ್ರಮಯುಗಂ' ಪಾಣನ್ ಜಾತಿಯ ಹಾಡುಗಾರನೊಬ್ಬನನ್ನು ಪೋಟ್ಟಿಯ ಹಾಳುಮನೆಗೆ ಕಳಿಸುತ್ತದೆ. ಒಡೆಯ ಉಪಚರಿಸುತ್ತಾನೆ, ಪಗಡೆಗೆ ಕರೆಯುತ್ತಾನೆ. ಸೋತರೆ ಪಣ ಹಣವಲ್ಲ, ಸೋತವನ ಆಯುಷ್ಯದ ಕಾಲ. ಆಳು ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಇಲ್ಲಿ ಬಂಗಲೆಗೆ ದೆವ್ವ ನುಗ್ಗುವುದಿಲ್ಲ, ಬಂಗಲೆಯೇ ದೆವ್ವ. ಮಮ್ಮುಟ್ಟಿಯಂಥ ದೊಡ್ಡ ನಟನ ನಗು ಭಯ ಹುಟ್ಟಿಸುತ್ತದೆ, ಯಾಕಂದ್ರೆ ಆ ನಗುವನ್ನು ನಾವು ಜಗಲಿಯ ಮೇಲೆ ನೋಡಿದ್ದೇವೆ.

ಹಾಗಾದರೆ ದಲಿತ ವಿಮರ್ಶೆ ಭಯಾನಕವನ್ನು ತಿರಸ್ಕರಿಸಬೇಕೇ? ಬೇಡ. ಅಂಜಿಕೆಯನ್ನು ಆಟವಾಗಿ ಅನುಭವಿಸುವುದು ಒಂದು ಸುಖ. ಆದರೆ ಆ ಸುಖಕ್ಕೆ ಒಂದು ಷರತ್ತಿದೆ. ಸಿನಿಮಾ ಬಿಟ್ಟ ಮೇಲೆ ಮನೆ ಮನೆಯಾಗಿಯೇ ಇರಬೇಕು. ಕತ್ತಲ ಟಾಕೀಸಿನಲ್ಲಿ ಕಿರುಚಿ, ನಕ್ಕು, ಗೆಳೆಯನ ಹೆಗಲು ಹಿಡಿದು ಹೊರಗೆ ಬಂದ ಹುಡುಗ ನಿಶ್ಚಿಂತೆಯಿಂದ ಊರಿಗೆ ನಡೆಯಬೇಕು. ಮರಕುಂಬಿಯ ಕೇರಿಗೆ 2014ರಲ್ಲಿ ಸಿಗದೆ ಹೋದದ್ದು ಇದೇ ಷರತ್ತು. ಪರದೆಯ ಮೇಲಿನ ಭಯಕ್ಕೆ ಟಿಕೆಟ್ಟು ಸಾಕು. ಅದನ್ನು ಸುಖವಾಗಿ ಅನುಭವಿಸಲು ನಾಗರಿಕನೊಬ್ಬನ ಧೈರ್ಯ ಬೇಕು. ಆ ಧೈರ್ಯ ಕೊಡಬೇಕಾದದ್ದು ಸಂವಿಧಾನ. 17ನೇ ವಿಧಿಯಲ್ಲಿ ಅದನ್ನು ಬರೆದುಕೊಟ್ಟೂ ಇದೆ.

ಆದ್ದರಿಂದ ವಿದ್ಯಾರ್ಥಿ ಗೆಳೆಯರಿಗೆ, ಬರೆಯುವ ಹುಡುಗ ಹುಡುಗಿಯರಿಗೆ ನನ್ನ ಬಿನ್ನಹ ಇಷ್ಟೇ. ಇನ್ನು ಮುಂದೆ ದೆವ್ವದ ಸಿನಿಮಾ ನೋಡಿದರೂ, ಗೇಮು ಆಡಿದರೂ, ಫೋಟೊ ಕಂಡರೂ, ಕಾದಂಬರಿ ಓದಿದರೂ ಮೂರು ಪ್ರಶ್ನೆ ಕೇಳ್ರಿ. ಇಲ್ಲಿ ಹೇಸುವವರು ಯಾರು? ಅಂಜುವವರು ಯಾರು? ಕೊನೆಗೆ ಶುದ್ಧಿಯಾದಾಗ ದಂಡ ಕಟ್ಟಿದವರು ಯಾರು? ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಕತೆಯ ದೆವ್ವ ಯಾರೆಂಬುದು ತಾನಾಗಿ ಗೊತ್ತಾಗುತ್ತದೆ. ಅದನ್ನು ಹೆಸರು ಹಿಡಿದು ಬರೆಯೋಣ.